ಬೆಂಕಿ ತಾಗದ ಕೈ

ಆ ಕಾಲಕ್ಕೆ ಬಸವಕಲ್ಯಾಣವನ್ನು ಯಾರೂ ಬಸವಕಲ್ಯಾಣ ಅನ್ನುತ್ತಿರಲಿಲ್ಲ. ಕಲ್ಯಾಣಿ ಅಂದರೆ ಸಾಕಿತ್ತು. ಹುಮನಾಬಾದಿನಿಂದ ಕಲ್ಯಾಣಿಗೆ ಮಹಾರುದ್ರಪ್ಪ ಸಾಹುಕಾರರ ಮೋಟಾರೊಂದು ಓಡುತ್ತಿತ್ತು. ಜರ್ಮನಿಯ ಲಡಾಯಿ ಹತ್ತಿಕೊಂಡು ಪೆಟ್ರೋಲು ಕಣ್ಣಿಗೆ ಬೀಳದಂತಾದ ಮೇಲೆ ಆ ಗಾಡಿಯ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿದರು. ಒಲೆಯಲ್ಲಿ ಇದ್ದಿಲು ಉರಿಯಬೇಕು, ಅದರ ಗ್ಯಾಸು ಕೊಳವೆಯಲ್ಲಿ ಹಾದು ಇಂಜಿನ್ನಿಗೆ ಹೋಗಬೇಕು, ಗಾಡಿ ಓಡಬೇಕು. ಓಡುತ್ತಿತ್ತು ಅನ್ನುವುದಕ್ಕಿಂತ ಕೆಮ್ಮುತ್ತ ನಡೆಯುತ್ತಿತ್ತು ಅಂದರೆ ಸುಳ್ಳಾಗಲಾರದು. ಏರು ಬಂದರೆ ಟಿಕೀಟು ಕೊಟ್ಟವರೇ ಇಳಿದು ನೂಕುತ್ತಿದ್ದರು. ಕೈಯಿಂದ ರೊಕ್ಕ ಕೊಟ್ಟು ಕೈಯಿಂದಲೇ ನೂಕುವ ಸವಾರಿ ಬೇರೆ ಎಲ್ಲಿದ್ದೀತು!

ಈ ಇದ್ದಿಲ ಗ್ಯಾಸಿನಲ್ಲಿ ಡಾಂಬರಿನಂಥ ಜಿಗುಟು ಇರುತ್ತದೆ. ಅದು ಇಂಜಿನ್ನಿನ ನೆತ್ತಿಯ ಭಾಗವಾದ ಹೆಡ್ಡಿನೊಳಗೆ ಹೋಗಿ ವಾಲುಗಳಿಗೆ ಅಂಟಿ, ಸುಟ್ಟು, ಕರಿಗಟ್ಟುತ್ತದೆ. ವಾಲು ಅಂದರೆ ಅಣಬೆಯ ಆಕಾರದ ಉಕ್ಕಿನ ಮುಚ್ಚಳ. ತೆರೆದಾಗ ಗ್ಯಾಸು ಒಳಗೆ ಬರಬೇಕು, ಮುಚ್ಚಿದಾಗ ಒಂದು ಉಸಿರೂ ಸೋರಬಾರದು. ತನ್ನ ಜಾಗದಲ್ಲಿ ಅದು ಕಚ್ಚಿ ಕೂತಿಲ್ಲವೆಂದರೆ ಇಂಜಿನ್ನಿಗೆ ದಮ್ಮೇ ಇಲ್ಲ. ಅದಕ್ಕೇ ಮಹಾರುದ್ರಪ್ಪನವರ ಗಾಡಿಯ ಹೆಡ್ಡನ್ನು ಮತ್ತೆ ಮತ್ತೆ ಬಿಚ್ಚಬೇಕಾಗುತ್ತಿತ್ತು. ಬಿಚ್ಚುವವನು ಹುಸೇನ.

ಹುಮನಾಬಾದಿನ ಧಾನ್ಯದ ಪೇಟೆಯ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಹುಸೇನ ಮಿಸ್ತ್ರಿ, ಅವನ ಜೊತೆಗೆ ಗಾಡಿಯ ಡ್ರೈವರ್ ವೈಜನಾಥ. ಇಬ್ಬರೂ ಕಲ್ಯಾಣಿಯ ಕೋಟೆಯ ಮಗ್ಗುಲಿನ ಒಂದೇ ಓಣಿಯಲ್ಲಿ ಆಡಿ ಬೆಳೆದು, ದುಡಿಮೆಗೆಂದು ಹುಮನಾಬಾದಿಗೆ ಬಂದು ನೆಲೆಸಿದವರು. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಬೆರಳಲ್ಲೇ ಮಾತಾಡುತ್ತಿದ್ದರು. ಗಾಡಿ ಚಾಲೂ ಮಾಡಿ ವೈಜನಾಥ ಒಳಗೆ ಕೂತರೆ ಹುಸೇನ ಎದುರಿಗೆ ನಿಂತು ಕಣ್ಣು ಮುಚ್ಚಿ ಆಲಿಸುವನು. ಎರಡು ಬೆರಳು ಎತ್ತಿದರೆ ಎರಡನೆಯ ಸಿಲಿಂಡರಿನಲ್ಲಿ ತಕರಾರು, ಮುಷ್ಟಿ ಹಿಡಿದರೆ ಎಲ್ಲ ಸರಿ. ಆರು ಸಿಲಿಂಡರಿನ ಆ ಇಂಜಿನ್ನಿನಲ್ಲಿ ಐದನೆಯದು ಮೊದಲಿಂದಲೂ ಹಟಮಾರಿ. ಅದರ ವಾಲನ್ನು ಎಷ್ಟು ಉಜ್ಜಿದರೂ ಮತ್ತೆ ಸೋರುತ್ತಿತ್ತು. ಬಿಸಿ ಇಂಜಿನ್ನಿಗೆ ಕೈ ತಾಗಿದಾಗಲೆಲ್ಲ ವೈಜನಾಥ "ಯಪ್ಪೋ!" ಅಂತ ಪೇಟೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಹಮಾಲರು ಚೀಲ ಇಳಿಸಿ ನಗುತ್ತಿದ್ದರು. "ಏ ವೈಜ್ಯಾ, ಬೆಣ್ಣಿ ಕೈಯವ್ನೇ," ಅಂತ ಹುಸೇನನೂ ನಗುತ್ತಿದ್ದ.

ಹುಸೇನನ ಕೈಯ ಕೀರ್ತಿ ಹರಡಿದ್ದು ಹೀಗೆ. ಒಂದು ಸಲ ಕಲ್ಯಾಣಿಯ ದಾರಿಯಲ್ಲಿ ಒಲೆಯ ಬಾಗಿಲು ಕಳಚಿ, ನಿಗಿನಿಗಿ ಕೆಂಡವೊಂದು ಹಿಂದೆ ಕೂತಿದ್ದ ಸೋನುಬಾಯಿ ಎಂಬ ಮುದುಕಿಯ ಗಂಟಿನ ಮೇಲೆ ಬಿತ್ತು. ಅವತ್ತು ಗಾಡಿಯ ಜೊತೆಗೇ ಬಂದಿದ್ದ ಹುಸೇನ ಬರಿಗೈಯಿಂದ ಅದನ್ನು ಎತ್ತಿ, ಅವಸರವಿಲ್ಲದೆ, ರಸ್ತೆಯ ಆಚೆಗೆ ಎಸೆದ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಸೋನುಬಾಯಿ ಕಣ್ಣರಳಿಸಿ ನೋಡಿ ಕೈಮುಗಿದಳು.

"ನೀ ಅಲಾಯಿ ದೇವರ ಫಕೀರ ಅಲ್ಲೇನಪಾ? ಪಂಜಾ ನಿನ್ನ ಕೈಯಾಗ ಇಳದದ!"

ಮೊಹರಮ್ಮಿನಲ್ಲಿ ಕುಣಿಯ ಕೆಂಡ ಹಾಯುವಾಗ ಪಂಜಾ ಹಿಡಿಯುವುದು ಹುಸೇನನ ಮನೆತನದ ಹಕ್ಕು. ಬೆಳ್ಳಿಯ ಆ ಐದು ಬೆರಳಿನ ದೇವರಿಗೆ ಹರಕೆ ಹೊತ್ತ ಮೇಲೆಯೇ ಇವನು ಹುಟ್ಟಿದ್ದು, ಅದಕ್ಕೇ ಇವನಿಗೆ ಹುಸೇನ ಅಂತ ಹೆಸರು. ಇನ್ನೇನು ಬೇಕು? ಊರ ಬಾಯಿಗೆ ಬೀಗ ಹಾಕುವವರು ಯಾರು! ಗಾಡಿ ಕಲ್ಯಾಣಿ ಮುಟ್ಟುವುದರೊಳಗೆ ಒಂದು ಕೆಂಡ ಬುಟ್ಟಿ ಕೆಂಡವಾಗಿತ್ತು. ಹುಲಸೂರಿನಿಂದ, ನಾರಾಯಣಪುರದಿಂದ ತಾಯಂದಿರು ಹಟ ಮಾಡುವ, ಹಾಲು ಕುಡಿಯದ, ಸೊರಗಿದ ಕೂಸುಗಳನ್ನು ಕಟ್ಟಿಕೊಂಡು ಶೆಡ್ಡಿಗೆ ಬರತೊಡಗಿದರು. ಹುಸೇನ ನಾಚಿ, ಕೈಯ ಗ್ರೀಸು ಒರೆಸಿಕೊಂಡು, ತಲೆಯ ಮೇಲೆ ಕೈ ಇಡುತ್ತಿದ್ದ. ಕೆಲವು ಕೂಸುಗಳಿಗೆ ಗುಣವೂ ಆಯಿತು. ಕೂಸುಗಳಿಗೆ ಗುಣವಾಗುವುದು ಲೋಕದಲ್ಲಿ ನಡೆದೇ ಇದೆ, ಆದರೆ ಯಾರ ಕೈ ಮೇಲಿತ್ತೋ ಅವರಿಗೇ ಅದರ ಪುಣ್ಯ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಆ ಕೆಂಡ ಎತ್ತಿದ ಮರುದಿನ ಹುಸೇನನ ಅಂಗೈಯಲ್ಲಿ ಎದ್ದ ಬೊಕ್ಕೆಯನ್ನು ಯಾರು ಬೇಕಾದರೂ ನೋಡಬಹುದಿತ್ತು. ಯಾರೂ ನೋಡಲಿಲ್ಲ. ಹುಸೇನನೇ ಅದನ್ನು ಕಂಡದ್ದು ಮುಖ ತೊಳೆಯುವಾಗ, ನೀರು ತಾಗಿ ಚರ್ಮ ಸುಲಿದು ಬಂದಾಗ. ನೋಯಲಿಲ್ಲ. ದೇವರು ಬೊಕ್ಕೆ ಕೊಟ್ಟರೂ ನೋವು ಕೊಡಲಿಲ್ಲ ಅಂದುಕೊಂಡು ಖುಷಿಪಟ್ಟ. ಪಾಪ, ಅವನು ಎಲ್ಲರಿಗಿಂತ ಹೆಚ್ಚು ನಂಬಿದ್ದ.

ನಂಬಿಕೆ ಮುರಿದದ್ದು ವಾಲಿನಿಂದ. ವಾಲು ಕೂಡಿಸುವಾಗ ಅದರ ತಲೆಗೆ ಮರಳಿನಂಥ ಮಸಾಲೆ ಹಚ್ಚಿ, ಕೋಲಿಗೆ ಸಿಕ್ಕಿಸಿ, ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುವುತ್ತಾರೆ. ಮೊದಮೊದಲು ಕರಕರ ಅಂತ ಕಚ್ಚುತ್ತದೆ. ಆಮೇಲೆ ಒಂದು ಕ್ಷಣ ಬರುತ್ತದೆ, ಕಚ್ಚು ಸತ್ತು ನುಣುಪು ಹತ್ತುತ್ತದೆ. ಆ ಕ್ಷಣವನ್ನು ಬೆರಳು ಹೇಳಬೇಕು. ಅದಕ್ಕಿಂತ ಮೊದಲು ನಿಲ್ಲಿಸಿದರೆ ಸೋರುತ್ತದೆ, ಅದಾದ ಮೇಲೂ ಉಜ್ಜಿದರೆ ಕೂಡುವ ಜಾಗವೇ ತಗ್ಗು ಬೀಳುತ್ತದೆ. ಹುಸೇನನ ಬೆರಳು ಇಷ್ಟು ವರ್ಷ ತಪ್ಪು ಹೇಳಿರಲಿಲ್ಲ. ಈಗ ಅದು ಹೇಳುವುದನ್ನೇ ನಿಲ್ಲಿಸಿತು.

ಉಜ್ಜಿ ಮುಗಿಸಿ, ಹೆಡ್ಡನ್ನು ಮಗುಚಿ, ವಾಲುಗಳ ಹಿಂದಿನ ತೂತಿನಲ್ಲಿ ಚಿಮಣಿ ಎಣ್ಣೆ ಸುರಿದು ನೋಡಿದ. ಸರಿಯಾಗಿ ಕೂತಿದ್ದರೆ ಒಂದು ಹನಿಯೂ ಇಣುಕಬಾರದು. ಎಣ್ಣೆ ಅಂಚಿನ ಸುತ್ತ ಜಿನುಗಿತು. ಮತ್ತೆ ಉಜ್ಜಿದ, ಮತ್ತೆ ಜಿನುಗಿತು.

"ಲಡಾಯಿ ಕಾಲದ ಮಸಾಲಿ, ಅಂಗಡಿಯಂವ ಅದರಾಗ ಏನ್ ಬೆರಸ್ಯಾನೋ," ಅಂದ ವೈಜನಾಥ.

"ಹೌದ ನೋಡು," ಅಂದ ಹುಸೇನ. ಅಂದನಾದರೂ ಕಣ್ಣು ತನ್ನ ಕೈಯ ಮೇಲೇ ಇತ್ತು. ಮೊಣಕೈ ಕೆಳಗೆ ಒಂದು ತಿಳಿಬಣ್ಣದ ಮಚ್ಚೆ ಎದ್ದಿತ್ತು, ಗ್ರೀಸು ಅಲ್ಲಿ ನಿಲ್ಲದೆ ಜಾರುತ್ತಿತ್ತು. ವೈಜನಾಥ ಅತ್ತ ತಿರುಗಿದಾಗ ಒಂದು ಸೂಜಿ ತೆಗೆದು ಮಚ್ಚೆಯಲ್ಲಿ ಚುಚ್ಚಿದ. ರಕ್ತ ಬಂತು, ಅಷ್ಟೇ. ನೋವಿರಲಿಲ್ಲ, ಹುಸೇನನಿಗೆ ಹುಡುಗನಾಗಿದ್ದಾಗ ಕಂಡ ಒಬ್ಬ ನೆನಪಾದ. ಕಲ್ಯಾಣಿಯ ಕೋಟೆಯ ಕಂದಕದ ದಂಡೆಗೆ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಒಬ್ಬ ಮನುಷ್ಯ ಕೂಡುತ್ತಿದ್ದ. ಅವನಿಗೆ ರೊಟ್ಟಿಯನ್ನು ದೂರದಿಂದ ಎಸೆಯುತ್ತಿದ್ದರು. ಹುಸೇನ, ವೈಜನಾಥ ಹುಡುಗರಾಗಿದ್ದಾಗ ಯಾರ ರೊಟ್ಟಿ ಅವನ ಮಡಿಲಿಗೆ ಸರಿಯಾಗಿ ಬೀಳುತ್ತದೆಂದು ಪೈಪೋಟಿ ಮಾಡಿದ್ದರು.

ಯಾರಿಗೂ ಹೇಳದೆ ಕಲ್ಯಾಣಿಯ ಹಕೀಮ ಗಯಾಸುದ್ದೀನ್ ಸಾಹೇಬರ ಹತ್ತಿರ ಹೋದ. ಮುದುಕರು ಕಣ್ಣು ಮುಚ್ಚಲು ಹೇಳಿದರು. ಹುಸೇನ ಕಣ್ಣು ಮುಚ್ಚಿ ಕೂತು ಕಾದ.

"ಯಾವಾಗ ಚಾಲೂ ಮಾಡ್ತೀರಿ, ಹಕೀಮ್ ಸಾಹೇಬ್?"

"ಮುಗಿಸಿದೆ ಬೇಟಾ," ಅಂದರು ಹಕೀಮರು. ಅವರ ಕೈಯಲ್ಲಿ ಕೋಳಿಯ ಗರಿ ಇತ್ತು. "ಬೆರಳಿಗೆಲ್ಲಾ ಆಡಿಸಿದೆ. ನಿನಗ ತಿಳೀಲಿಲ್ಲ. ಇದು ದೊಡ್ಡ ರೋಗ, ಕುಷ್ಠ. ತೆಲಂಗಾಣದ ಕಡೆ ಮಿಷನ್ ದವಾಖಾನಿ ಅದ, ಎಣ್ಣಿ ಸೂಜಿ ಕೊಡ್ತಾರ. ಈಗ ಹೋದ್ರ ಬೆರಳ ಉಳದಾವು. ತಡಾ ಮಾಡಬ್ಯಾಡ. ಮತ್ತ ಕೂಸುಗಳನ್ನ ಮುಟ್ಟಬ್ಯಾಡ."

ಹೋಗಬೇಕಿತ್ತು, ಹೋಗಲಿಲ್ಲ. ಅದಕ್ಕೊಂದು ಕಾರಣ ಹುಡುಕಿಕೊಂಡ. ವೈಜನಾಥನ ಹೆಂಡತಿ ಲಲಿತಾಬಾಯಿ ಆಗ ಬಸುರಿ. ಹಿಂದಿನ ಎರಡು ಕೂಸುಗಳು ದಕ್ಕಿರಲಿಲ್ಲ. ಈ ಬಸಿರು ನಿಲ್ಲುವ ಮುಂಚೆ ಅವಳು ಬಂದು ಹುಸೇನನ ಕೈಯನ್ನು ತಲೆಯ ಮೇಲೆ ಇಡಿಸಿಕೊಂಡಿದ್ದಳು. ಈ ಕೈಯೇ ಸುಳ್ಳು ಅಂತ ಈಗ ಹೇಳಿದರೆ ಅವಳ ಎದೆ ಒಡೆದೀತು, ಹೆರಿಗೆ ಆಗಲಿ, ಆಮೇಲೆ ಹೇಳಿ ಹೋಗುತ್ತೇನೆ ಅಂದುಕೊಂಡ. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅವನಿಗೆ ಶೆಡ್ಡು ಬಿಡಲು, ವೈಜನಾಥನನ್ನು ಬಿಡಲು, ಕಂದಕದ ದಂಡೆಯ ಮನುಷ್ಯನಾಗಲು ಧೈರ್ಯ ಬರಲಿಲ್ಲ. ಯಾರಿಗೆ ಬಂದೀತು?

ಕೂಸುಗಳನ್ನು ಮುಟ್ಟುವುದು ಮಾತ್ರ ಬಿಟ್ಟ. ಒಂದು ನವಿಲುಗರಿಯ ಕಟ್ಟು ತಂದಿಟ್ಟು ಅದರಿಂದ ತಲೆ ಸವರತೊಡಗಿದ. ಜನ ಏನಂದರು ಗೊತ್ತೇ? ಹುಸೇನ ಮಿಸ್ತ್ರಿ ಈಗ ಮುಟ್ಟುವುದೂ ಬೇಡ, ಅಷ್ಟು ಮೇಲಕ್ಕೆ ಹೋದ, ಅಂದರು. ಅವನು ಊಟದ ತಾಟು ಬೇರೆ ಇಟ್ಟುಕೊಂಡಾಗ ಹೆಂಡತಿ ಕರೀಮಾ ಒಂದು ಸಲ ಅವನನ್ನು ನೋಡಿ, ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ವಾಲಿನ ಕೆಲಸವನ್ನು ಅವನು ವೈಜನಾಥನ ಕೈಗೆ ದಾಟಿಸಿದ. "ಕಲಿಯಲೇ, ನಾ ಏನ್ ಸಾಯೂತನಾ ಇರ್ತೀನೇನು," ಅಂತ ಬೈದು ಕೂಡಿಸಿದ. ವೈಜನಾಥ ಬೈಸಿಕೊಳ್ಳುತ್ತ, ಬೆರಳು ಜಜ್ಜಿಕೊಂಡು "ಯಪ್ಪೋ" ಅನ್ನುತ್ತ ಕೋಲು ತಿರುವುತ್ತಿದ್ದ. ಹುಸೇನ ಮಗ್ಗುಲಲ್ಲಿ ಕಿವಿಯಾನಿಸಿ ಕೂಡುತ್ತಿದ್ದ. ಕಚ್ಚು ಸಾಯುವುದು ಕಿವಿಗೂ ಸ್ವಲ್ಪ ಕೇಳುತ್ತದೆ. "ನಿಂದ್ರಸು... ಈಗ ಆತು." ಕಿವಿ ನಂಬಿ ಕೆಲಸ ಸಾಗಿತು. ಐದನೆಯ ವಾಲು ಮಾತ್ರ ವೈಜನಾಥನ ಕೈಗೂ ಮಣಿಯಲಿಲ್ಲ.

ಲಲಿತಾಬಾಯಿಗೆ ಹೆಣ್ಣು ಕೂಸು ಹುಟ್ಟಿತು. ಕೆಂಪಗೆ, ಗಟ್ಟಿಯಾಗಿ, ಊರು ಎಬ್ಬಿಸುವ ಗಂಟಲಿನ ಕೂಸು. ತಾಯಿ ಹರಕೆ ಹೊತ್ತಿದ್ದಳು: ಹುಸೇನಣ್ಣನ ಕೈ ತಲೆಯ ಮೇಲೆ ಬಿದ್ದ ಮೇಲೆಯೇ ಕೂಸನ್ನು ತೊಟ್ಟಿಲಿಗೆ ಹಾಕುವುದು, ಹೆಸರಿಡುವುದು. ತೊಟ್ಟಿಲು ಕಟ್ಟಿಯಾಗಿತ್ತು. ಹುಸೇನನಿಗೆ ಕರೆ ಬಂದಾಗ ಅವನು ಗಾಡಿಯ ಸಾಮಾನು ತರಲು ಬೀದರಿಗೆ ಹೋದ. ಇನ್ನೊಮ್ಮೆ ಕರೆ ಬಂದಾಗ ಜ್ವರ ಅಂದ. ಮತ್ತೊಮ್ಮೆ ಬಂದಾಗ ನವಿಲುಗರಿ ಕಳಿಸಿದ. ಲಲಿತಾಬಾಯಿ ಗರಿಯನ್ನು ಹಿಂದಕ್ಕೆ ಕಳಿಸಿದಳು. ಬರಿ ತೊಟ್ಟಿಲು ಗಾಳಿಗೆ ತೂಗುತ್ತಿತ್ತು, ಕೂಸು ನೆಲದ ಮೇಲೆ ಕೌದಿಯಲ್ಲಿ ಮಲಗಿ ಬೆಳೆಯುತ್ತಿತ್ತು. ಬರಿ ತೊಟ್ಟಿಲು ತೂಗಬಾರದು ಅಂತ ಓಣಿಯ ಹೆಂಗಸರು ಗೊಣಗಿದರು.

ಕಡೆಗೆ ಒಂದು ಮಧ್ಯಾಹ್ನ ಅವಳೇ ಕೂಸನ್ನು ಎತ್ತಿಕೊಂಡು ಶೆಡ್ಡಿಗೆ ಬಂದಳು. ಹೆಡ್ಡು ಬಿಚ್ಚಿ ಹಲಗೆಯ ಮೇಲೆ ಇಟ್ಟಿತ್ತು. ವಾಲುಗಳು ಸಿಲಿಂಡರಿನ ನಂಬರಿನಂತೆಯೇ ಸಾಲಾಗಿ ಇದ್ದವು. ವೈಜನಾಥ ಐದನೆಯದನ್ನು ಒರೆಸುತ್ತ ಕೂತಿದ್ದವನು ಹೆಂಡತಿಯನ್ನು ನೋಡಿ ಹಲ್ಲು ಕಿಸಿದ.

"ಸಿಕ್ಕಿ ನೋಡು ಹುಸೇನ್ಯಾ! ಇನ್ನ ಎಲ್ಲಿ ಓಡ್ತಿ?"

"ಅಣ್ಣಾ, ನಿಮ್ಮ ಕೈ ತೊಳೀರಿ," ಅಂದಳು ಲಲಿತಾಬಾಯಿ. "ತೊಳೀದಿದ್ರೂ ನಡೀತದ. ಗ್ರೀಸ್ ಹತ್ತಿದ ಕೈನೇ ಇಡ್ರಿ. ಗರಿ ಬ್ಯಾಡ, ಕೈ ಬೇಕು." ಕೂಸಿನ ಕುಲಾಯಿ ತೆಗೆದು ಬೋಳು ತಲೆಯನ್ನು ಮುಂದೆ ಮಾಡಿದಳು. ನೆತ್ತಿ ಮೆಲ್ಲಗೆ ಬಡಿದುಕೊಳ್ಳುತ್ತಿತ್ತು.

ಒಂದು ಸಲ ಇಟ್ಟರೆ ಏನಾದೀತು? ಇಟ್ಟುಬಿಡು, ಕಳಿಸಿಬಿಡು, ನಾಳೆ ಬೀದರಿಗೆ ಹೋಗಿ ರೈಲು ಹತ್ತಿಬಿಡು. ಯಾರಿಗೂ ತಿಳಿಯದು. ಹುಸೇನನ ಕೈ ಎದ್ದಿತು, ಕೂಸಿನ ತಲೆಯ ಹತ್ತಿರಕ್ಕೂ ಹೋಯಿತು. ಆ ನೆತ್ತಿ ಬೆಚ್ಚಗಿದೆಯೋ ತಣ್ಣಗಿದೆಯೋ, ಮುಟ್ಟಿದರೂ ತನಗೆ ತಿಳಿಯುವುದಿಲ್ಲವಲ್ಲ ಅನ್ನಿಸಿತು. ಅಲ್ಲಿಗೆ ಅವನ ಕೈ ನಿಂತುಹೋಯಿತು.

"ವೈಜ್ಯಾ," ಅಂದ. "ಆ ವಾಲ್ ತಗೊಂಡು ಇಲ್ಲಿ ಬಾ. ನಾ ಕಣ್ಣ ಮುಚ್ಚತೀನಿ. ಅದರ ತುದೀಲಿಂದ ನನ್ನ ಬೆರಳಿಗೆ ಹಚ್ಚು. ಯಾವ ಬೆರಳು ಅಂತ ಹೇಳ್ತೀನಿ."

"ಇದ್ಯಾವ ಹುಡುಗರಾಟೋ?"

"ಹಚ್ಚಲೇ."

ಹುಸೇನ ಕಣ್ಣು ಮುಚ್ಚಿ ಬಲಗೈ ಚಾಚಿದ. ಪೇಟೆಯಲ್ಲಿ ಯಾರೋ ಜೋಳದ ಭಾವ ಕೂಗುತ್ತಿದ್ದರು. ಕೂಸು ಲೊಚಲೊಚ ಬೆರಳು ಚೀಪುತ್ತಿತ್ತು.

"ಹೂಂ, ಹಚ್ಚು," ಅಂದ ಹುಸೇನ.

"ಹಚ್ಚೀನಲ್ಲೋ," ಅಂದ ವೈಜನಾಥ ನಗುತ್ತ.

"ಹಚ್ಚು ಅಂದೆ."

"ಹಚ್ಚೀನೋ ಹುಸೇನ್ಯಾ... ಕಿರಿಬೆರಳು. ಈಗ ಉಂಗುರ ಬೆರಳು." ನಗು ಅವನ ದನಿಯಿಂದ ಇಳಿದುಹೋಯಿತು. "ಹುಸೇನ್ಯಾ? ಒತ್ತಾಕತ್ತೇನಿ. ಜೋರಿಲೆ ಒತ್ತಾಕತ್ತೇನಿ."

ಕಣ್ಣು ಬಿಟ್ಟಾಗ ಉಕ್ಕಿನ ತುದಿ ಅವನ ಬೆರಳಿನಲ್ಲಿ ಗುಳಿ ಬೀಳಿಸಿತ್ತು. ಗಂಡನಿಗಿಂತ ಮೊದಲು ಹೆಂಡತಿಗೆ ತಿಳಿಯಿತು. ಲಲಿತಾಬಾಯಿ ಒಂದು ಹೆಜ್ಜೆ ಹಿಂದೆ ಸರಿದು ಸೆರಗನ್ನು ಕೂಸಿನ ಮೇಲೆ ಎಳೆದಳು.

"ಇದು ದೇವರ ಕೈ ಅಲ್ಲ ತಂಗೆವ್ವ," ಅಂದ ಹುಸೇನ. "ದೊಡ್ಡ ರೋಗ. ಬೆಂಕಿ ತಾಗೂದಿಲ್ಲ ಅಂತಲ್ಲ, ತಾಗಿದ್ದು ನನಗ ತಿಳಿಯೂದಿಲ್ಲ."

ಲಲಿತಾಬಾಯಿ ಬಹಳ ಸಣ್ಣ ದನಿಯಲ್ಲಿ, "ನನ್ನ ತಲಿ ಮ್ಯಾಲ ಇಟ್ಟಿದ್ರೆಲ್ಲಾ ಅಣ್ಣಾ," ಅಂದಳು. ಒಂದು ಕೈ ಎತ್ತಿ ತನ್ನ ಬೈತಲೆಯನ್ನು ಮುಟ್ಟಿಕೊಂಡಳು. ಮುಟ್ಟಿದ ಆ ಕೈಯನ್ನು ಮತ್ತೆ ಕೂಸಿನ ಮೇಲೆ ಇಡಬೇಕೋ ಬೇಡವೋ ತಿಳಿಯದೆ ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು.

"ಆವಾಗ ನನಗ ಗೊತ್ತಿರಲಿಲ್ಲ. ಅಲ್ಲಾನ ಆಣಿ, ಗೊತ್ತಿರಲಿಲ್ಲ."

"ಯಾವಾಗಿಂದ ಗೊತ್ತದ?" ಅಂತ ಕೇಳಿದ ವೈಜನಾಥ.

ಹುಸೇನ ಸುಳ್ಳು ಹೇಳಬಹುದಿತ್ತು. "ದೀಪಾವಳಿ ಮುಂದ," ಅಂದ. ದೀಪಾವಳಿ ಹೋಗಿ ಯುಗಾದಿ ಬಂದಿತ್ತು. ಇಷ್ಟು ದಿನ ಒಂದೇ ಬಟ್ಟಲಲ್ಲಿ ಚಹಾ ಕುಡಿದ ಗೆಳೆಯ ಕೈಯಲ್ಲಿದ್ದ ವಾಲನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟು, ಹೆಂಡತಿಯ ಹಿಂದೆ ನಡೆದುಹೋದ. ಬೈದಿದ್ದರೆ ಹುಸೇನನಿಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ಸುದ್ದಿ ಗಾಡಿಗಿಂತ ಮೊದಲು ಕಲ್ಯಾಣಿ ಮುಟ್ಟಿತು. ಕೈಮುಗಿದವರೇ ಮೊದಲು ಕಲ್ಲು ಎತ್ತಿದರು, ಅದು ಲೋಕರೂಢಿ. ಕೂಸುಗಳ ತಲೆಗೆ ಬೇವಿನ ನೀರು ಸುರಿದು ತಿಕ್ಕಿದರು. ಯಾರೋ ಬಂದು ನವಿಲುಗರಿಯನ್ನು ಶೆಡ್ಡಿನ ಮುಂದೆಯೇ ಸುಟ್ಟರು. ಮಹಾರುದ್ರಪ್ಪ ಸಾಹುಕಾರರು ಕೆಟ್ಟವರಲ್ಲ. ಕಟ್ಟೆಯ ಮೇಲಿಂದಲೇ, "ಹುಸೇನಾ, ಮಂದಿ ಗಾಡಿ ನೋಡಪಾ ಇದು, ನನ್ನ ಕೈಯಾಗ ಏನದ," ಅಂದರು. ಹುಸೇನ ಮುಟ್ಟಿದ, ಬೋಲ್ಟು ಬಿಗಿಯುವ ಪಾನೆ, ಇಕ್ಕಳಗಳನ್ನು ಒಲೆಯ ಕೆಂಡಕ್ಕೆ ಹಾಕಿ ಸುಟ್ಟು ತೆಗೆದರು.

ಮನೆಯಲ್ಲಿ ಹುಸೇನ ಹೊಸ್ತಿಲ ಹೊರಗೇ ಕೂತ. ಕರೀಮಾ ಬಂದು ಒಂದು ಮೊಳದ ದೂರದಲ್ಲಿ ಕೂತಳು.

"ನೀವು ತವಾ ಮ್ಯಾಲಿನ ರೊಟ್ಟಿ ಬರಿ ಬೆರಳಿಲೆ ತಿರುವಿದ ದಿನಾನೇ ನಾ ನೋಡಿದ್ದೆ," ಅಂದಳು. "ಬೆರಳು ಸುಟ್ಟ ವಾಸನಿ ಬಂದಿತ್ತು. ದೇವರ ಕೈ ಸುಟ್ಟ ವಾಸನಿ ಬರ್ತದೇನ್ರಿ?"

"ಮತ್ತ ಯಾಕ ಸುಮ್ನಿದ್ದಿ?"

"ನೀವು ಯಾಕ ಸುಮ್ನಿದ್ರಿ?"

ಕರೀಮಾ ತವರಿಗೆ ಹೋಗುವುದು, ಹುಸೇನ ದವಾಖಾನೆಗೆ ಹೋಗುವುದು ಅಂತಾಯಿತು. ಅವಳು ಬುತ್ತಿ ಕಟ್ಟಿ, ಅವನ ಕೈಗೆ ಕೊಡಲು ಹೋಗಿ, ಅವನೇ ಬೇಡವೆಂದದ್ದರಿಂದ ಕಟ್ಟೆಯ ಮೇಲೆ ಇಟ್ಟು, ಗೋಡೆಗೆ ಮುಖ ಮಾಡಿ ಅತ್ತಳು.

ಹೋಗುವ ದಿನ ಬೆಳಿಗ್ಗೆ ಹುಸೇನ ಗಾಡಿ ನಿಲ್ಲುವ ಜಾಗಕ್ಕೆ ಬಂದ. ಬೀದರಿನ ರಸ್ತೆ ಅಲ್ಲಿಂದಲೇ ಒಡೆಯುತ್ತದೆ, ಹಾಗಾಗಿ ಬೇರೆ ದಾರಿ ಇರಲಿಲ್ಲ. ಗಾಡಿಯಲ್ಲಿ ಜನ ತುಂಬಿದ್ದರು. ವೈಜನಾಥ ಒಬ್ಬನೇ ಹೆಡ್ಡು ಕೂಡಿಸಿ, ಒಬ್ಬನೇ ಬೋಲ್ಟು ಬಿಗಿದು, ಇಂಜಿನ್ ಚಾಲೂ ಮಾಡಿ ಕಾಯಿಸುತ್ತಿದ್ದ. ಅವನ ಮುಖ ನಿದ್ದೆಯಿಲ್ಲದೆ ಕಂದಿತ್ತು. ಹುಸೇನನನ್ನು ಕಂಡವನೇ ಬಾಗಿಲು ತೆರೆದು ಹೊರಗೆ ಬಾಗಿ, "ಹತ್ತೋ, ಬೀದರ ತನಕ ಬಿಟ್ಟು ಬರ್ತೀನಿ. ಸಾಹುಕಾರ್ರು ಏನರ ಅನ್ನಲಿ," ಅಂದ. ಅಷ್ಟರಲ್ಲಿ ಒಳಗಿನವರು ಗಂಟುಮೂಟೆ ಹಿಡಿದು ಎದ್ದು ನಿಂತಿದ್ದರು. ಹುಸೇನ ದೂರದಿಂದಲೇ ಬೇಡವೆಂದು ತಲೆಯಾಡಿಸಿ, ಬುತ್ತಿಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಬೀದರಿನ ರಸ್ತೆ ಹಿಡಿದ.

ಸ್ವಲ್ಪ ದೂರ ಹೋಗಿದ್ದ. ಹಿಂದಿನಿಂದ ಇಂಜಿನ್ನಿನ ಸದ್ದು ಬರುತ್ತಲೇ ಇತ್ತು. ಬೆರಳು ಸತ್ತರೂ ಕಿವಿ ಬದುಕಿತ್ತಲ್ಲ. ಆರು ಉಸಿರಿನಲ್ಲಿ ಐದನೆಯದು ಫಸ್ಸೆಂದು ಸೋರುತ್ತಿತ್ತು. ಹೀಗೇ ಓಡಿಸಿದರೆ ವಾಲಿನ ಅಂಚು ಸುಟ್ಟು, ಕಲ್ಯಾಣಿಯ ದಾರಿಯ ಏರಿನಲ್ಲಿ ಗಾಡಿ ನಿಲ್ಲುತ್ತದೆ. ಹುಸೇನ ನಿಂತ, ತಿರುಗಿದ. ಕೂಗಿದರೆ ಕೇಳುವಂತಿರಲಿಲ್ಲ. ಬಲಗೈ ಎತ್ತಿ, ಐದೂ ಬೆರಳು ಬಿಡಿಸಿ ತೋರಿಸಿದ.

ಗಾಡಿಯ ಹಿಂದಿನ ಸೀಟಿನಲ್ಲಿ ಸೋನುಬಾಯಿ ಇದ್ದಳು. ಎತ್ತಿದ ಆ ಕೈ ನೋಡಿ, ಬೆಳ್ಳಿಯ ಪಂಜಾ ಕಂಡ ರೂಢಿಗೆ ಅವಳ ಕೈಗಳು ತಾವಾಗಿ ಕೂಡಿಕೊಂಡವು. ಮರುಗಳಿಗೆ ನೆನಪಾಗಿ ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು ಅತ್ತ ತಿರುಗಿದಳು.

ವೈಜನಾಥ ನೋಡಿದ. ಅವನಿಗೆ ತಿಳಿಯಿತು. ಇಂಜಿನ್ ಬಂದ್ ಮಾಡಿದ. ಜನ ಗೊಣಗಿದರು, ಅವನು ಇಳಿದು ಬಾನೆಟ್ ಎತ್ತಿ, ಕಾದ ಇಂಜಿನ್ನಿನೊಳಕ್ಕೆ ಕೈ ಹಾಕಿದ.

ಹುಸೇನ ಅಷ್ಟರಲ್ಲಿ ಮತ್ತೆ ನಡೆಯತೊಡಗಿದ್ದ. ಹಿಂದಿನಿಂದ "ಯಪ್ಪೋ!" ಅನ್ನುವ ಕೂಗು ಪೇಟೆಗೆಲ್ಲ ಕೇಳುವ ಹಾಗೆ ಬಂತು. ಹುಟ್ಟಿದಾಗಿನಿಂದ ಆ ಗೆಳೆಯನ ಮನೆ, ಹೊಲ, ಕೂಸು ಯಾವುದಕ್ಕೂ ಆಸೆಪಡದ ಹುಸೇನನಿಗೆ ಅವತ್ತು, ಸುಟ್ಟ ಆ ಬೆರಳಿನ ನೋವಿಗಾಗಿ, ಹೊಟ್ಟೆಕಿಚ್ಚಾಯಿತು.